ಕೆಂಪು ಸುತ್ತಿನೊಳಗಿನ ಬುಟ್ಟಿ

ನನ್ನ ಮುಖ ನಿಮಗೆ ಗೊತ್ತಿರಲಿಕ್ಕಿಲ್ಲ, ಧ್ವನಿ ಗೊತ್ತಿರುತ್ತದೆ. ಊದಿನಕಡ್ಡಿಯನ್ನೋ ಕುಕ್ಕರನ್ನೋ ಕೊಳ್ಳಿ ಎಂದು ಜಾಹೀರಾತಿನಲ್ಲಿ ನಿಮ್ಮನ್ನು ಪುಸಲಾಯಿಸಿದವಳು ನಾನೇ ಇರಬಹುದು. ಡಬ್ ಆದ ಧಾರಾವಾಹಿಯಲ್ಲಿ ಅತ್ತೆಯ ಕಾಲಿಗೆ ಬಿದ್ದು ಅತ್ತ ಸೊಸೆ ನಾನು, ಆ ಸೊಸೆಯ ಹಾಲಿಗೆ ವಿಷ ಬೆರೆಸಿದ ನಾದಿನಿಯೂ ಒಮ್ಮೊಮ್ಮೆ ನಾನೇ. ವಾಸ ವಿಜಯನಗರ, ಹೊಟ್ಟೆಪಾಡು ರಾಜಾಜಿನಗರದ ಒಂದು ಸಣ್ಣ ಸ್ಟುಡಿಯೋ. ಸುತ್ತ ಸ್ಪಂಜು ಅಂಟಿಸಿದ ಗೂಡು, ಎದುರಿಗೆ ಗಾಜು, ಕಿವಿಗೆ ಹೆಡ್‌ಫೋನು. ಹೊರಗೆ ಮೆಟ್ರೋ ಹೋದರೂ ಒಳಗೆ ಕೇಳಿಸುವುದಿಲ್ಲ.

ಈ ಕಸುಬಿನಲ್ಲಿ ಕಲಿತ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಗಸೊಬ್ಬಳು ಬಾಗಿಲು ತೆರೆದು ಹೊರಗೆ ಬರುವ ಚಿತ್ರ ಇದೆ ಎಂದುಕೊಳ್ಳಿ. ಅದಕ್ಕೆ ಕೊಳಲು ಹಾಕಿದರೆ ಅವಳು ತಾಯಿ. ಕೊಳಲು ತೆಗೆದು ಎದೆ ಬಡಿತದಂಥ ಡಬಡಬ ಸದ್ದು ಹಾಕಿದರೆ ಕೊಲೆಗಾತಿ. ಅವಳು ಪಾಪ ಹಾಲಿನ ಪ್ಯಾಕೆಟ್ ತರಲು ಹೊರಟವಳು. ನೋಡುವವರು ತಮ್ಮ ಕಣ್ಣಾರೆ ಕಂಡೆವು ಎಂದೇ ಸಾಧಿಸುತ್ತಾರೆ, ಆದರೆ ಅವರು ಕಂಡದ್ದರಲ್ಲಿ ಅರ್ಧ ಕಿವಿಯಿಂದ ಒಳಗೆ ಹೋದದ್ದು.

ನಾನು ಹುಟ್ಟಿದ್ದು ಬಾಗಲಕೋಟೆ ಕಡೆಯ ಹಳ್ಳಿಯಲ್ಲಿ. ಆ ಕಡೆಯ ಮಾತು ನನ್ನ ಬಾಯಲ್ಲಿ ಇನ್ನೂ ಇದೆ ಎಂದು ಗೊತ್ತಾದ ಮೇಲೆ ಸ್ಟುಡಿಯೋದವರಿಗೆ ಹಬ್ಬ. "ಮೇಡಂ, ಈ ಕ್ಯಾರೆಕ್ಟರ್ ಮನೆ ಕೆಲಸದವಳು. ಸ್ವಲ್ಪ ನಿಮ್ ಕಡೆ ಟೋನ್ ಕೊಟ್ಬಿಡಿ, ಕಾಮಿಡಿ ಬರುತ್ತೆ" ಎನ್ನುತ್ತಿದ್ದರು. ನಾಯಕಿ ಅಳುವುದು ಈ ಕಡೆಯ ಕನ್ನಡದಲ್ಲಿ, ಪಾತ್ರೆ ಬೀಳಿಸಿ ಬೈಸಿಕೊಳ್ಳುವವಳು ಮಾತಾಡುವುದು ನಮ್ಮ ಕನ್ನಡದಲ್ಲಿ. ನಮ್ಮವ್ವ ತೀರಿಕೊಂಡಾಗ ನಾನು ಅತ್ತದ್ದು ಆ ಮಾತಿನಲ್ಲಿಯೇ, ಆಗ ಯಾರೂ ನಕ್ಕಿರಲಿಲ್ಲ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: "ನಿಮ್ ನಾಯಕಿ ಒಂದ್ಸಲ ನಮ್ ಕಡೆ ಮಾತಲ್ಲಿ ಅಳ್ಲಿ, ಏನಾಗತ್ತೆ?" "ಜನ ಒಪ್ಪಲ್ಲ ಮೇಡಂ" ಎಂಬ ಉತ್ತರ ಬಂತು. ಜನರ ಕಿವಿಯನ್ನು ಹೀಗೆ ಹದ ಮಾಡಿದವರೇ ಜನ ಒಪ್ಪುವುದಿಲ್ಲ ಎನ್ನುತ್ತಾರೆ. ತಾನೇ ಮಗುವನ್ನು ಚಿವುಟಿ ತಾನೇ ತೊಟ್ಟಿಲು ತೂಗುವುದು ಎಂದರೆ ಇದೇ.

ನನ್ನನ್ನು ಬೆಂಗಳೂರಿಗೆ ಕರೆತಂದು ಓದಿಸಿದವಳು ಸೋದರತ್ತೆ. ನಾನು ಅವಳನ್ನು ಕರೆಯುವುದು ಅತ್ತಿ ಎಂದು. ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ ಅವಳ ಮನೆ, ಹತ್ತಿರದ ಗಾರ್ಮೆಂಟ್ಸಿನಲ್ಲಿ ಹೊಲಿದ ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸ. ವರ್ಷವಿಡೀ ತಲೆತಗ್ಗಿಸಿ ದಾರ ಕತ್ತರಿಸುವ ಅತ್ತಿ, ಗಣೇಶನ ಹಬ್ಬ ಮುಗಿದದ್ದೇ ತಡ, ಬೇರೆಯೇ ಹೆಂಗಸಾಗುತ್ತಾಳೆ. ಆಗ ಅವಳು ಜೋಕುಮಾರನನ್ನು ಹೊರುವವಳು.

ಈ ಕಡೆಯವರಿಗೆ ಜೋಕುಮಾರ ಯಾರೆಂದು ಹೇಳಬೇಕು. ಗಣಪನ ಹಿಂದೆಯೇ ಭೂಮಿಗೆ ಬರುವ ಮಣ್ಣಿನ ದೇವರು ಅವನು. ಅಗಲ ಬಾಯಿ, ಕೊಂಕು ಮೀಸೆ, ತುಟಿಗೆ ಬೆಣ್ಣೆ. ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿ ಅವನನ್ನು ಕೂರಿಸಿ, ನಮ್ಮ ಅಂಬಿಗರ ಹೆಂಗಸರು ತಲೆಯ ಮೇಲೆ ಹೊತ್ತು ಮನೆ ಮನೆಗೆ ಹೋಗಿ ಹಾಡುತ್ತಾರೆ. ಸೊಂಟದ ಕೆಳಗೆ ಆ ಸೊಪ್ಪು ಏನನ್ನು ಮುಚ್ಚಿದೆ ಎಂದು ನಾನು ಬರೆಯುವುದಿಲ್ಲ, ಬಲ್ಲವರು ನಕ್ಕು ಮುಂದೆ ಓದಲಿ. ಮನೆಯವರು ಮೊರದಲ್ಲಿ ಜೋಳ ಕೊಡುತ್ತಾರೆ. ಇವರು ಬೇವಿನೆಲೆ ಕೊಟ್ಟು, ಮಕ್ಕಳ ಹಣೆಗೆ ಕಾಡಿಗೆಯ ಬೊಟ್ಟಿಡುತ್ತಾರೆ. ಅವನ ಆಯುಷ್ಯ ಏಳೇ ದಿನ, ಹುಣ್ಣಿಮೆಗೆ ಸಾಯುತ್ತಾನೆ.

ಅತ್ತಿ ಹೇಳುವ ಕಥೆ ಇದು. ಗಣಪ ಇಲ್ಲಿ ಕಡುಬು ತಿಂದು ಮೇಲೆ ಹೋಗಿ, ಕೆಳಗೆ ಎಲ್ಲರೂ ಸುಖವಾಗಿದ್ದಾರೆ ಎಂದು ಶಿವನಿಗೆ ಹೇಳುತ್ತಾನೆ. ತಪ್ಪೇನಿಲ್ಲ, ಅವನಿಗೆ ಕಂಡದ್ದು ಕಡುಬು. ಆಮೇಲೆ ಬರುವ ಜೋಕುಮಾರನಿಗೆ ಸಿಗುವುದು ಅಂಬಲಿ. ಅವನು ಬಿಸಿಲಲ್ಲಿ ಓಣಿ ಓಣಿ ತಿರುಗಿ, ಒಣಗಿದ ಹೊಲ, ಹಸಿದ ಹೊಟ್ಟೆ ಎಲ್ಲ ನೋಡಿ, ಹೋಗಿ ಇದ್ದದ್ದು ಇದ್ದಂತೆ ಹೇಳುತ್ತಾನೆ. ಆಗಲೇ ಮಳೆ. ಅತ್ತಿಯ ಪ್ರಕಾರ ಅವನು ವರದಿಗಾರ, ಅವಳು ಅವನ ವಾಹನ. ಅವನನ್ನು ಅರ್ಧ ದಾರಿಯಲ್ಲಿ ನಿಲ್ಲಿಸುವುದು ಎಂದರೆ ವರದಿಯನ್ನು ಅರ್ಧಕ್ಕೆ ನಿಲ್ಲಿಸಿದಂತೆ.

ಕಾಮಾಕ್ಷಿಪಾಳ್ಯದಲ್ಲಿ ಹೊಲ ಎಲ್ಲಿದೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಹೊಟ್ಟಿ ಐತಲ್ಲ, ಸಾಕು" ಎಂದಿದ್ದಳು ಅತ್ತಿ. ಗಣಪತಿ ಮಾಡುವವರ ಹತ್ತಿರ ಉಳಿದ ಮಣ್ಣು ಬೇಡಿ ತಂದು ಅವಳೇ ಮೂರ್ತಿ ಮಾಡುತ್ತಾಳೆ. ಕೆಲಸ ಬಿಟ್ಟ ಮೇಲೆ, ಬೆಳಕಿರುವಾಗಲೇ, ಎದುರುಮನೆಯ ಗೆಳತಿಯ ಜೊತೆಗೆ ನಮ್ಮ ಕಡೆಯವರ ಮನೆಗಳಿಗೆ ಹೋಗಿ ಬರುತ್ತಾಳೆ. ಕರೆಯದವರ ಬಾಗಿಲಿಗೆ ಹೋದವಳಲ್ಲ.

ಆ ವರ್ಷ ಬಸವೇಶ್ವರನಗರದಿಂದ ಒಂದು ಹೊಸ ಕರೆ ಬಂದಿತ್ತು. ತರಕಾರಿ ಗಾಡಿಯ ಹತ್ತಿರ ಅತ್ತಿಯ ಮಾತು ಕೇಳಿ, ತನ್ನ ಕಡೆಯವಳೆಂದು ಗುರುತು ಹಿಡಿದು, ಕೈಹಿಡಿದು ಮಾತಾಡಿಸಿದ್ದ ಒಬ್ಬ ಚಿಕ್ಕ ವಯಸ್ಸಿನ ತಾಯಿ. ಕೆಳಗಿನ ಮನೆಯಲ್ಲಿ ಅವರು ಬಾಡಿಗೆಗಿದ್ದರು, ಮೇಲಿನ ಮನೆಯಲ್ಲಿ ಮಾಲೀಕರು. "ನನ್ನ ಮಗಳು ಜೋಕುಮಾರನ್ನ ನೋಡೇ ಇಲ್ರಿ, ಕರಕೊಂಡು ಬರ್ರಿ" ಎಂದು ಕೇಳಿಕೊಂಡಿದ್ದಳಂತೆ. ಅತ್ತಿ ಹೋದಳು, ಹಾಡಿದಳು, ಜೋಳ ತಂದಳು, ಚಹಾ ಕುಡಿದು ಬಂದಳು. ಅಂದು ರಾತ್ರಿ ನನಗೆ ಫೋನ್ ಮಾಡಿ ಆ ಹುಡುಗಿಯ ಕಣ್ಣಿನ ಬಗ್ಗೆಯೇ ಹೇಳಿದಳು. "ಅವನ ಮೀಸಿ ನೋಡಿ ಬಾಯಿ ತೆರದು ನಿಂತಬಿಡ್ತವಾ ಕೂಸು! ಅವರವ್ವ ಪೋರ್ಟಿಕೋದ ಕೆಳಗ ನಿಂತು, ಬೊಟ್ಟು ಇಡ್ರಿ ಅಂದ್ಲು."

ಎರಡು ದಿನ ಕಳೆದು ಸ್ಟುಡಿಯೋದಿಂದ ಅವಸರದ ಕರೆ ಬಂತು. ಒಂದು ನ್ಯೂಸ್ ಚಾನೆಲ್ಲಿಗೆ ಧ್ವನಿ ಕೊಡುವಾಕೆಗೆ ಗಂಟಲು ಕಟ್ಟಿದೆ, ಸಂಜೆಯ ವಿಶೇಷ ವರದಿಗೆ ನಾನು ಓದಿಕೊಡಬೇಕು. ಹೋಗಿ ಗೂಡಿನೊಳಗೆ ನಿಂತೆ. ಗಾಜಿನ ಆಚೆ ಚಾನೆಲ್ಲಿನ ಹುಡುಗ, ನನಗಿಂತ ಬಹಳ ಚಿಕ್ಕವನು, ಒಳ್ಳೆಯ ಮಾತಿನವನು. "ಸ್ವಲ್ಪ ಭಯ ಇರ್ಲಿ ಮೇಡಂ ವಾಯ್ಸಲ್ಲಿ" ಎಂದು ಹೇಳಿ ವಿಡಿಯೋ ಹಾಕಿದ.

ಯಾವುದೋ ಮನೆಯ ಸಿಸಿಟಿವಿಯ ಚಿತ್ರ. ಒಂದು ಗೇಟು. ಪಕ್ಕದಲ್ಲಿ ತುಳಸಿ ಕುಂಡ. ಬುಟ್ಟಿ ಹೊತ್ತ ಹೆಂಗಸು ಬರುತ್ತಾಳೆ, ಜೊತೆಗೆ ಇನ್ನೊಬ್ಬಳು. ಬುಟ್ಟಿ ಇಳಿಸುತ್ತಾಳೆ. ಮಗುವೊಂದು ಓಡಿ ಬರುತ್ತದೆ. ಹೆಂಗಸು ತಲೆಯೆತ್ತಿ ಅತ್ತ ಇತ್ತ ನೋಡುತ್ತಾಳೆ. ಸಣ್ಣ ಡಬ್ಬಿಯಿಂದ ಏನನ್ನೋ ಬೆರಳಿಗೆ ತೆಗೆದು ಮಗುವಿನ ಹಣೆಗೆ ಹಚ್ಚುತ್ತಾಳೆ. ಮಗು ಮಂಕು ಬಡಿದಂತೆ ನಿಂತುಬಿಡುತ್ತದೆ. ಅಷ್ಟಕ್ಕೇ ಕತ್ತರಿ. ಮತ್ತೆ ಮೊದಲಿನಿಂದ, ಈ ಸಲ ನಿಧಾನವಾಗಿ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ. ಬುಟ್ಟಿಯ ಸುತ್ತ ಒಂದು ಕೆಂಪು ಸುತ್ತು. ಕೈಯ ಕಡೆಗೆ ಒಂದು ಕೆಂಪು ಬಾಣ. ಹಿಂದೆ ಡಬಡಬ.

ಗುರುತು ಹಿಡಿಯಲು ನನಗೆ ಕೆಂಪು ಸುತ್ತು ಬೇಕಾಗಿರಲಿಲ್ಲ. ಆ ಸೀರೆಯ ಸೆರಗು, ತಲೆಯ ಮೇಲಿನ ಸಿಂಬಿ, ಬುಟ್ಟಿ ಇಳಿಸುವಾಗ ಎಡ ಮಂಡಿ ಮೊದಲು ಬಾಗುವ ರೀತಿ. ಕೈಯಲ್ಲಿದ್ದ ಹಾಳೆಯಲ್ಲಿ ಹೀಗೆ ಬರೆದಿತ್ತು: ಬುಟ್ಟಿ ಹೊತ್ತು ಬರ್ತಾರೆ. ಹಣೆಗೆ ಹಚ್ತಾರೆ ಮಂಪರು. ಮಕ್ಕಳ ಕಳ್ಳಿಯರಾ ಇವರು? ನಿಮ್ಮ ಮಗು ಸೇಫಾ?

"ಅದು ಕಾಡಿಗೆ" ಎಂದೆ ಮೈಕಿನಲ್ಲಿ.

"ಏನ್ ಮೇಡಂ?"

"ದೃಷ್ಟಿಬೊಟ್ಟು ಕಣ್ರೀ. ನಿಮ್ಮಮ್ಮ ನಿಮಗೆ ಇಟ್ಟಿಲ್ವಾ? ಬುಟ್ಟಿಲಿರೋದು ದೇವ್ರು. ಹೊತ್ತಿರೋದು ನಮ್ಮತ್ತೆ. ಅವ್ರು ಅತ್ತ ಇತ್ತ ನೋಡ್ತಿಲ್ಲ, ಮಗು ತಾಯಿನ ನೋಡ್ತಿದಾರೆ. ಆ ತಾಯಿ ಪೋರ್ಟಿಕೋ ಕೆಳಗಡೆ ನಿಂತಿದಾಳೆ, ನಿಮ್ ಕ್ಯಾಮೆರಾಗೆ ಕಾಣ್ತಿಲ್ಲ. ಇದರಲ್ಲಿ ಹಾಡಿತ್ತು, ಅದೆಲ್ಲಿ ಹೋಯ್ತು?"

ಹುಡುಗ ವಿವರಿಸಿದ. ಆ ಕ್ಯಾಮೆರಾದಲ್ಲಿ ಧ್ವನಿ ಬರುವುದೇ ಇಲ್ಲವಂತೆ. ಮನೆ ಮಾಲೀಕರು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದಂತೆ, ಅಲ್ಲಿಂದ ಇವರ ಕೈಗೆ. "ಪೊಲೀಸ್ ಕಂಪ್ಲೇಂಟ್ ಆಗಿದ್ಯಾ?" ಎಂದೆ. ಇಲ್ಲ. "ಯಾವುದಾದ್ರೂ ಮಗು ಕಳೆದಿದ್ಯಾ?" ಇಲ್ಲ. "ನಾವು ಏನೂ ಹೇಳ್ತಾ ಇಲ್ಲ ಮೇಡಂ, ಕೇಳ್ತಾ ಇದೀವಿ ಅಷ್ಟೇ. ನೋಡಿ, ಕೊನೇಲಿ ಕ್ವೆಶ್ಚನ್ ಮಾರ್ಕ್ ಇದೆ" ಎಂದ.

ಆ ಪ್ರಶ್ನೆಯ ಚಿಹ್ನೆಯನ್ನು ಓದುವುದು ಹೇಗೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಕೊನೆಯ ಅಕ್ಷರದಲ್ಲಿ ಧ್ವನಿ ಮೇಲೆತ್ತಿದರೆ ಪ್ರಶ್ನೆ. ಕೆಳಗಿಳಿಸಿ, ಒಂದು ಉಸಿರಿನಷ್ಟು ಬಿಟ್ಟರೆ ತೀರ್ಪು. ಹಾಳೆಯಲ್ಲಿ ಪ್ರಶ್ನೆ ಹಾಗೆಯೇ ಇರುತ್ತದೆ, ಕಿವಿಯಲ್ಲಿ ಹೆಂಗಸೊಬ್ಬಳು ಕಳ್ಳಿಯಾಗಿರುತ್ತಾಳೆ. ನಾಳೆ ಯಾರಾದರೂ ಕೇಳಿದರೆ ತೋರಿಸಲು ಹಾಳೆ ಇದೆ.

"ಕೇಳ್ತೀರಾ? ಸರಿ, ನಮ್ಮತ್ತೆನೇ ಕೇಳಿ. ನಂಬರ್ ಕೊಡ್ತೀನಿ, ಈಗ್ಲೇ ಫೋನ್ ಮಾಡಿ" ಎಂದೆ.

"ಅಷ್ಟು ಟೈಮ್ ಇಲ್ಲ ಮೇಡಂ. ಸಂಜೆ ಏರ್ ಆಗ್ಬೇಕು."

ಈ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕೆಂಪು ಸುತ್ತು ಹಾಕಲು ಸಮಯ ಇತ್ತು, ಬಾಣ ಬಿಡಲು, ಬಣ್ಣ ಕಳೆಯಲು, ಡಬಡಬ ಹುಡುಕಲು ಎಲ್ಲದಕ್ಕೂ ಇತ್ತು. ಒಂದು ಫೋನಿಗೆ ಇರಲಿಲ್ಲ. ನಾನು ಹೆಡ್‌ಫೋನ್ ತೆಗೆದು ಗೂಟಕ್ಕೆ ಹಾಕಿದೆ. "ನೀವು ಓದಲ್ಲ ಅಂದ್ರೆ ಬೇರೆಯವರು ಓದ್ತಾರೆ, ಅಷ್ಟೇ" ಎಂದ, ಬೇಸರದಿಂದಲೇ. "ಓದ್ಲಿ. ನನ್ ಬಾಯಲ್ಲಿ ಬರಲ್ಲ" ಎಂದು ಹೊರಟೆ. ಸ್ಟುಡಿಯೋದ ಮಾಲೀಕರು ಬಾಗಿಲ ತನಕ ಹಿಂದೆಯೇ ಬಂದು ಸಮಾಧಾನ ಹೇಳಿದರು, ನಾನು ತಿರುಗಿ ನೋಡಲಿಲ್ಲ.

ಬೇರೆಯವರು ಓದಿದರು. ಚೆನ್ನಾಗಿಯೇ ಓದಿದರು, ಕೊನೆಯ ಅಕ್ಷರವನ್ನು ಕೆಳಗೇ ಇಳಿಸಿದರು.

ಮರುದಿನ ಬೆಳಿಗ್ಗೆ ಅತ್ತಿ ಫೋನ್ ಎತ್ತಲಿಲ್ಲ. ನಾನು ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ವಠಾರದ ಕಡೆ ನಡೆದೆ. ದಾರಿಯಲ್ಲಿ ಗೋಣಿಚೀಲ ಹೊತ್ತವನೊಬ್ಬ ಎದುರಾದ. ಇವನ ಚೀಲದಲ್ಲಿ ಏನಿರಬಹುದು ಎಂದು ನನ್ನ ಕಣ್ಣು ತಾನಾಗಿಯೇ ಆ ಕಡೆ ಹೋಯಿತು. ಹೂವಿನ ಬುಟ್ಟಿಯವಳು, ಟಿಫಿನ್ ಚೀಲ ಹಿಡಿದವನು, ಎಲ್ಲರ ಸುತ್ತಲೂ ಯಾರೋ ಕೆಂಪು ಗೆರೆ ಎಳೆದಿಟ್ಟಿದ್ದರು. ಸುಳ್ಳೆಂದು ಬಲ್ಲ ನನಗೇ ಹೀಗಾದರೆ ಉಳಿದವರ ಗತಿ ಏನು? ಟಿವಿ ಆರಿಸಿದರೂ ಆ ವರದಿ ರಸ್ತೆಯಲ್ಲಿ ಓಡುತ್ತಲೇ ಇತ್ತು.

ಅತ್ತಿ ಮನೆಯಲ್ಲೇ ಇದ್ದಳು. ಗಾರ್ಮೆಂಟ್ಸಿನ ಸೂಪರ್‌ವೈಸರ್ ಸ್ವಲ್ಪ ದಿನ ಬರಬೇಡಿ, ಹುಡುಗಿಯರು ಹೆದರುತ್ತಾರೆ ಎಂದು ಹೇಳಿ ಕಳಿಸಿದ್ದ. ವಠಾರದ ನಲ್ಲಿಯ ಹತ್ತಿರ ಆಡುತ್ತಿದ್ದ ಮಗುವನ್ನು ಒಬ್ಬಾಕೆ ಅತ್ತಿ ಹೊರಗೆ ಬಂದ ಕೂಡಲೇ ಎತ್ತಿಕೊಂಡು ಒಳಗೆ ಹೋದಳಂತೆ. ವರ್ಷಗಟ್ಟಲೆ ಅದೇ ನಲ್ಲಿಯಲ್ಲಿ ಜೊತೆಗೆ ನೀರು ಹಿಡಿದಾಕೆ. ಬುಟ್ಟಿ ಮಂಚದ ಕೆಳಗಿತ್ತು. ಜೋಕುಮಾರ ಬೇವಿನ ಸೊಪ್ಪಿನೊಳಗಿಂದ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ. ಸೊಪ್ಪು ಬಾಡಿತ್ತು.

"ಇನ್ನ ಹೊರಂಗಿಲ್ಲವಾ. ಸಾಕು" ಎಂದಳು ಅತ್ತಿ.

"ಹುಣ್ಣಿಮಿ ಇನ್ನೂ ಬಂದಿಲ್ಲಲ್ಲ ಅತ್ತಿ."

"ಬರವಲ್ಲದ್ಯಾಕ. ಅಂವಾ ಅಲ್ಲೇ ಇರ್ಲಿ."

ನಾನು ಚಾನೆಲ್ಲಿನವರನ್ನು ಬಾಯಿಗೆ ಬಂದಂತೆ ಬೈದೆ. ಸುಳ್ಳು, ಎಲ್ಲ ಸುಳ್ಳು ಎಂದೆ. ಅತ್ತಿ ಹೇಳಿದಳು:

"ಸುಳ್ಳ ಅಂತ ನನಗ ಗೊತ್ತಿಲ್ಲೇನ? ಆದ್ರೂ ಎದುರಮನ್ಯಾಗ ಕುಂತು ಟಿವ್ಯಾಗ ನೋಡಿದೆ ನೋಡು, ಒಂದು ಗಳಿಗಿ ನನಗಽ ಅಂಜಿಕಿ ಬಂತು. ಈಕಿ ಯಾರಪಾ, ಕೂಸಿಗೆ ಏನ ಮಾಡಾಕತ್ತಾಳ ಅಂತ. ನಾ ನನಗಽ ಕಳ್ಳಿ ಕಂಡಂಗ ಕಂಡೆ."

ನನಗೆ ಅಳು ಬಂದದ್ದು ಆಗ. ಸೂಪರ್‌ವೈಸರ್ ಅವಳ ಕೆಲಸ ಕಸಿದಿದ್ದ, ನಲ್ಲಿಯ ಹತ್ತಿರದವಳು ನೆರೆಹೊರೆ ಕಸಿದಿದ್ದಳು. ಅದನ್ನೆಲ್ಲ ಮತ್ತೆ ಗಳಿಸಬಹುದು. ಈ ಚಾನೆಲ್ಲಿನವರು ಅತ್ತಿಯ ಕಣ್ಣನ್ನೇ ಕಸಿದಿದ್ದರು. ತನ್ನ ಕೈ, ತನ್ನ ಬುಟ್ಟಿ, ತಾನಿಟ್ಟ ಬೊಟ್ಟು, ಎಲ್ಲವನ್ನೂ ಅವಳು ಅವರ ಕಣ್ಣಿನಿಂದ ನೋಡುವಂತೆ ಮಾಡಿದ್ದರು. ಹುಣ್ಣಿಮೆಯ ಒಳಗೆ ಬುಟ್ಟಿ ಮಂಚದ ಕೆಳಗಿನಿಂದ ಹೊರಗೆ ಬರದಿದ್ದರೆ ಅತ್ತಿ ಮುಂದೆಂದೂ ಅದನ್ನು ಹೊರುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಇನ್ನು ಸುಮ್ಮನಿರುವ ಮಾತಿಲ್ಲ ಎಂದುಕೊಂಡೆ.

"ನಾ ಹೊರ್ತೀನಿ" ಎಂದೆ.

"ನೀ? ನಿನಗ ಹಾಡ ಬರ್ತಾವನ?"

"ಬಾಯಿ ಐತಲ್ಲ. ಅದಽ ಓಣಿಗೆ ಹೋಗೂಣು, ಅದಽ ಮನಿಗೆ."

"ಹುಚ್ಚಿ ಅದಿ. ಬಡೀತಾರ ಹಿಡದು."

"ಗಣಪ ಹೋಗಿ ಎಲ್ಲಾ ಸುಖ ಐತಿ ಅಂತ ಹೇಳ್ಯಾನ. ಇಂವಾ ಮಂಚದ ಬುಡಕ ಕುಂತ್ರ ನಿನ್ನ ಸುದ್ದಿ ಮ್ಯಾಲ ಯಾರು ಒಯ್ತಾರ? ಟಿವಿಯಾವ್ರು ಒಯ್ತಾರೇನು?"

ಬುಟ್ಟಿಯನ್ನು ಮಂಚದ ಕೆಳಗಿನಿಂದ ನಾನೇ ಎಳೆದೆ. ಎದುರುಮನೆಯ ಗೆಳತಿಯನ್ನು ಕೂಗಿದೆ. ಅವಳು ನನಗಿಂತ ಗಟ್ಟಿಗಿತ್ತಿ. "ನಾನೂ ಇದ್ದೆನವಾ ಆ ಚಿತ್ರದಾಗ, ನನಗ ಸುತ್ತು ಹಾಕಿಲ್ಲ ಅಂತ ಸಿಟ್ಟು ಬಂದೈತಿ" ಎಂದು ನಗಿಸಿ, ಹೊಸ ಬೇವಿನ ಸೊಪ್ಪು ಮುರಿದು ತಂದಳು. ಜೋಕುಮಾರನ ತುಟಿಗೆ ಮತ್ತೆ ಬೆಣ್ಣೆ ಬಿತ್ತು.

ಹಾಡಹಗಲು ಹೊರಟೆವು. ಬುಟ್ಟಿ ನನ್ನ ತಲೆಯ ಮೇಲೆ, ಹಿಂದೆ ಅತ್ತಿ, ಅವಳ ಕೈಹಿಡಿದು ಗೆಳತಿ. ಮಣ್ಣಿನ ದೇವರು ಇಷ್ಟು ಭಾರ ಇರುತ್ತಾನೆಂದು ನನಗೆ ಗೊತ್ತಿರಲಿಲ್ಲ, ಕತ್ತು ಹೊರಳಿಸಲು ಆಗುತ್ತಿರಲಿಲ್ಲ. ಅದೂ ಒಳ್ಳೆಯದೇ ಆಯಿತು, ಅಕ್ಕಪಕ್ಕದಲ್ಲಿ ಏಳುತ್ತಿದ್ದ ಫೋನುಗಳು ಕಾಣಲಿಲ್ಲ. ಬಸವೇಶ್ವರನಗರದ ತಿರುವಿನಲ್ಲಿ ಒಬ್ಬ ಸ್ಕೂಟರ್ ಅಡ್ಡ ನಿಲ್ಲಿಸಿದ.

"ಏನಮ್ಮ ಅದರಲ್ಲಿ?"

"ದೇವ್ರು ಅಣ್ಣ. ನೋಡ್ತೀರಾ?"

ಬೇಡ ಎನ್ನುವುದರೊಳಗೆ ಬುಟ್ಟಿ ಇಳಿಸಿದೆ. ಬಗ್ಗಿ ನೋಡಿದವನು ಮೀಸೆ ಕಂಡು ನಕ್ಕ. ಸೊಪ್ಪು ಸರಿಸಲು ಕೈ ಹಾಕಿದ. "ಅದನ್ನ ಮಾತ್ರ ಸರಿಸಬ್ಯಾಡ್ರಿ, ಆಮ್ಯಾಲ ನಿಮಗಽ ನಾಚಿಕಿ" ಎಂದಳು ಗೆಳತಿ. ಅವನಿಗೆ ಅರ್ಥವಾಗಿ ಕಿವಿ ಕೆಂಪಾಯಿತು. ತಾನೇ ಹಣೆಯೊಡ್ಡಿ ಕಾಡಿಗೆ ಇಡಿಸಿಕೊಂಡು ಹೋದ. ಅತ್ತಿ ಆಗಲೂ ನಗಲಿಲ್ಲ, ಬೊಟ್ಟು ಇಟ್ಟದ್ದು ಗೆಳತಿ.

ಆ ಮನೆಯ ಗೇಟು ಬಂತು. ಸ್ಟುಡಿಯೋದಲ್ಲಿ ಒಮ್ಮೆ, ಆಮೇಲೆ ಫೋನಿನಲ್ಲಿ ಎಷ್ಟೋ ಸಲ ನೋಡಿ ನೋಡಿ, ಆ ಕ್ಯಾಮೆರಾ ಎಲ್ಲಿಯವರೆಗೆ ನೋಡುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಗೇಟಿನಿಂದ ತುಳಸಿ ಕುಂಡದವರೆಗೆ. ಕುಂಡದ ಆಚೆ ಇರುವುದು ಅದರ ಪಾಲಿಗೆ ಲೋಕದಲ್ಲೇ ಇಲ್ಲ. ಬಾಲ್ಕನಿಯ ಕೆಳಗೆ ಅದು ಕಪ್ಪು ಕಣ್ಣು ಬಿಟ್ಟುಕೊಂಡು ಕೂತಿತ್ತು. ನಾನು ಅದಕ್ಕೆ ನೇರ ಎದುರಿಗೆ ಬುಟ್ಟಿ ಇಳಿಸಿ, ಮುಖವೆತ್ತಿ ನಿಂತೆ.

ಹಾಡು ಶುರುವಾಗಬೇಕು. ಅತ್ತಿಯ ಕಡೆ ನೋಡಿದೆ. ಅವಳ ತುಟಿ ಅಲುಗಿತು, ಧ್ವನಿ ಹೊರಡಲಿಲ್ಲ. ಸರಿ ಎಂದು ನಾನೇ ಎತ್ತಿಕೊಂಡೆ. ಮೈಕಿನ ಮುಂದೆ ಪಿಸುಗುಟ್ಟಿ ಪಿಸುಗುಟ್ಟಿ ಹೊಟ್ಟೆ ಹೊರೆದ ಧ್ವನಿ ಅದು, ಅಂದು ಇಡೀ ಬೀದಿಗೆ ಕೇಳುವಂತೆ ಬಿಟ್ಟೆ. ಕಿಟಕಿಗಳು ತೆರೆದವು. ಮಾಲೀಕರು ಬಾಲ್ಕನಿಗೆ ಬಂದರು. ನಿವೃತ್ತರಾದ ಹಿರಿಯರು, ಕೈಯಲ್ಲಿ ಫೋನು.

"ಏಯ್, ಯಾರಮ್ಮ ನೀವು? ಪೊಲೀಸ್‌ಗೆ ಫೋನ್ ಮಾಡ್ತೀನಿ ಈಗ!"

"ಮಾಡಿ ಸಾರ್. ಅವ್ರು ಬರೋವರ್ಗೂ ಹಾಡ್ತಿರ್ತೀವಿ. ವಿಡಿಯೋನೂ ಮಾಡ್ಕೊಳಿ, ಈ ಸಲ ಸೌಂಡ್ ಸಮೇತ ಮಾಡ್ಕೊಳಿ."

ಮತ್ತೆ ಹಾಡು ಹಿಡಿದೆ. ಎರಡನೆಯ ನುಡಿಯಲ್ಲೇ ಎಡವಿದೆ. ಹಿಂದಿನದು ಮುಂದೆ, ಮುಂದಿನದು ಹಿಂದೆ. ಗಟ್ಟಿಯಾಗಿ ತಪ್ಪು ಹಾಡುತ್ತಿದ್ದೆ. ಆಗ ಬೆನ್ನ ಹಿಂದಿನಿಂದ ಸಿಡುಕು ಕೇಳಿಸಿತು:

"ಹಂಗಲ್ಲವಾ! ಮೊದಲ ಮಳಿ ಬರಬೇಕು, ಆಮ್ಯಾಲ ಅಂವಾ ಹುಟ್ಟಬೇಕು. ಮಳಿ ಇಲ್ದಽ ಹೆಂಗ ಹುಟ್ಟಿಸ್ತಿ ಅವನ್ನ?"

ಎಲ್ಲವನ್ನೂ ಸಹಿಸಿಕೊಂಡು ಕೂತಿದ್ದ ಅತ್ತಿಗೆ ಜೋಕುಮಾರನ ಹಾಡು ಕೆಡುವುದನ್ನು ಸಹಿಸಲಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಮಳೆಯಿಂದ ಶುರು ಮಾಡಿದಳು. ನಾನು ದೊಡ್ಡ ಗಂಟಲಿನವಳು, ಅವಳು ಆ ಹಾಡಿನವಳು. ಅವಳ ಧ್ವನಿ ಏರುತ್ತ ಹೋದಂತೆ ನಾನು ಸೊಲ್ಲಿಗೆ ಸೊಲ್ಲು ಕೂಡಿಸುತ್ತ ಹಿಂದೆ ನಿಂತೆ. ರಸ್ತೆಯಾಚೆಯ ಮನೆಯ ಒಬ್ಬ ಆಂಟಿ ತಮ್ಮ ಗೇಟಿಗೆ ಒರಗಿ ಕೇಳತೊಡಗಿದರು.

ಕೆಳಗಿನ ಮನೆಯ ಬಾಗಿಲು ತೆರೆಯಿತು. ಆ ತಾಯಿ ಕೈಯಲ್ಲಿ ಜೋಳದ ಮೊರ ಹಿಡಿದು, ಮಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಪೋರ್ಟಿಕೋದ ಕೆಳಗೆ ನಿಂತಳು. ಅಂದು ನಿಂತಿದ್ದ ಜಾಗದಲ್ಲಿಯೇ, ತುಳಸಿ ಕುಂಡದ ಆಚೆ. ಅವಳ ಮೇಲೂ ನನಗೆ ಸಿಟ್ಟಿತ್ತು. ಅವಳೇ ಕರೆದದ್ದೆಂದು ಮಾಲೀಕರಿಗೆ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ಅವಳ ಮುಖ ನೋಡಿದಾಗ ಗೊತ್ತಾಯಿತು, ಮನೆ ಖಾಲಿ ಮಾಡಿ ಎಂಬ ಮಾತಿಗೆ ಅವಳು ಎಷ್ಟು ಹೆದರಿದ್ದಳೆಂದು.

ಮಾಲೀಕರು ಮೇಲಿನಿಂದ ಬಗ್ಗಿ ಕೇಳಿದರು: "ಇವ್ರು ನಿಮಗೇನಾದ್ರೂ ಗೊತ್ತೇನಮ್ಮ?"

ಅತ್ತಿ ಹಾಡು ನಿಲ್ಲಿಸಲಿಲ್ಲ. ಆದರೆ ಅಂದು ನೋಡಿದಂತೆಯೇ ತಲೆಯೆತ್ತಿ ಅವಳ ಕಡೆ ನೋಡಿದಳು. ಅವಳು ಮೊರವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಮಗಳ ಕೈಹಿಡಿದು ಮೆಟ್ಟಿಲಿಳಿದಳು. ತುಳಸಿ ಕುಂಡ ದಾಟಿ, ಗೇಟಿನ ತನಕ ಬಂದು, ನಮ್ಮ ಪಕ್ಕದಲ್ಲಿ, ಕ್ಯಾಮೆರಾಗೆ ಎದುರಾಗಿ ನಿಂತಳು.

"ಗೊತ್ತು ಸಾರ್. ನಾನೇ ಕರ್ದಿದ್ದು. ಅವತ್ತೂ ನಾನೇ ಕರ್ದಿದ್ದೆ, ಇಲ್ಲೇ ನಿಂತಿದ್ದೆ. ನಿಮ್ ಕ್ಯಾಮೆರಾಗೆ ಕಾಣ್ಲಿಲ್ಲ" ಎಂದಳು. ಮಗಳನ್ನು ಎತ್ತಿ ಅತ್ತಿಯ ಮುಂದೆ ಹಿಡಿದು, ನಮ್ಮ ಮಾತಿಗೆ ತಿರುಗಿದಳು: "ಇಡ್ರಿ ಅತ್ತಿ. ದೊಡ್ಡದು ಇಡ್ರಿ."

ಅತ್ತಿ ಡಬ್ಬಿ ತೆಗೆದಳು. ಬೆರಳು ಹಣೆಯ ಹತ್ತಿರ ಹೋಗಿ ಒಂದು ಗಳಿಗೆ ನಿಂತಿತು. ಮಗುವಿಗೆ ಆ ತಾಳ್ಮೆ ಇರಲಿಲ್ಲ, ಬುಟ್ಟಿಯೊಳಗಿನ ಮೀಸೆ ನೋಡಲು ಬಗ್ಗಿತು, ಹಣೆ ತಾನಾಗಿಯೇ ಬೆರಳಿಗೆ ತಾಗಿತು. ಬೊಟ್ಟು ಸೊಟ್ಟಗೆ ಬಿತ್ತು. ಅತ್ತಿ ನಕ್ಕಳು. ಮೇಲೆ ಮಾಲೀಕರ ಫೋನು ಇನ್ನೂ ಎತ್ತಿಯೇ ಇತ್ತು. ಅವರು ಪೊಲೀಸರಿಗೆ ಫೋನ್ ಮಾಡಲಿಲ್ಲ, ತಪ್ಪಾಯಿತು ಎಂದೂ ಹೇಳಲಿಲ್ಲ. ಹಾಡು ಮುಗಿಯುವವರೆಗೆ ನಿಂತು ಒಳಗೆ ಹೋದರು.

ಚಾನೆಲ್ಲಿನವರು ತಿದ್ದುಪಡಿ ಹಾಕಿದರು, ಜನ ಬದಲಾದರು ಎಂದು ಬರೆಯಬೇಕೆಂದು ನನಗೂ ಆಸೆ. ಹಾಗೇನೂ ಆಗಲಿಲ್ಲ. ಆ ವಿಡಿಯೋ ಈಗಲೂ ಯಾವ ಯಾವುದೋ ಊರಿನ ಹೆಸರು ಹೊತ್ತು ಫೋನಿನಿಂದ ಫೋನಿಗೆ ತಿರುಗುತ್ತಿದೆ. ಆ ಸ್ಟುಡಿಯೋ ನನ್ನನ್ನು ಮತ್ತೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಹೊಸಹಳ್ಳಿಯ ಹತ್ತಿರ ಇನ್ನೊಂದು ಕಡೆ ಕೆಲಸ ಹಿಡಿದಿದ್ದೇನೆ. ಅತ್ತಿಯೂ ಬೇರೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ನಲ್ಲಿಯ ಹತ್ತಿರದವಳು ಮಾತ್ರ ತಾನಾಗಿಯೇ ಬಂದು ತನ್ನ ಮಗುವಿಗೂ ಬೊಟ್ಟು ಇಡಿಸಿಕೊಂಡಳು. ಅತ್ತಿ ಇಟ್ಟಳು, ನಾನಾಗಿದ್ದರೆ ಅಷ್ಟು ಬೇಗ ಇಡುತ್ತಿರಲಿಲ್ಲ.

ಹುಣ್ಣಿಮೆಯ ಸಂಜೆ ಜೋಕುಮಾರನನ್ನು ಕಳಿಸಿಕೊಟ್ಟೆವು. ನಮ್ಮ ಕಡೆ ಅವನನ್ನು ಅಗಸರ ಬಂಡೆಯ ಕೆಳಗೆ ಇಡುತ್ತಾರೆ. ಇಲ್ಲಿ ವಠಾರದ ಬಟ್ಟೆ ಒಗೆಯುವ ಕಲ್ಲೇ ಬಂಡೆ. ಕಲ್ಲಿನ ಬುಡದಲ್ಲಿ ತಗ್ಗು ತೋಡಿ, ಇಡುವ ಮೊದಲು ಅತ್ತಿ ಅವನನ್ನು ಎರಡೂ ಕೈಯಲ್ಲಿ ಎತ್ತಿ, ಮಣ್ಣಿನ ಕಿವಿಯಲ್ಲಿ ಏನೋ ಹೇಳಿದಳು. ಏನು ಹೇಳಿದಿ ಎಂದು ಕೇಳಿದೆ.

"ಕಂಡದ್ದೆಲ್ಲಾ ಹೇಳು ಅಂದೆ" ಎಂದಳು, ಕೈಗೆ ಹತ್ತಿದ ಮಣ್ಣು ಉಜ್ಜಿಕೊಳ್ಳುತ್ತ. "ಮೊದಲಿಂದ ಕಡೀತನಕ. ನಡುವ ಕತ್ತರಸಬ್ಯಾಡ ಅಂದೆ."